ನಾಲ್ಕನೇ ಸುತ್ತು

ನಂಬಿಕೆ ನಮ್ಮ ಮನೆಯ ಗುಣವಲ್ಲ. ನಮ್ಮಮ್ಮ ಪಂಕಜಾ ಜಯನಗರದ ಮಾರ್ಕೆಟ್ಟಿನಲ್ಲಿ ತಕ್ಕಡಿಯ ಕೆಳಗೆ ಬಗ್ಗಿ ನೋಡದೆ ಕಾಲು ಕೆಜಿ ಬೀನ್ಸ್ ಕೂಡ ತೆಗೆದುಕೊಳ್ಳುವವರಲ್ಲ. ಅಪ್ಪ ಶಾಮಣ್ಣ ಬೀಗ ಹಾಕಿ, ಎಳೆದು ನೋಡಿ, ಗೇಟಿನವರೆಗೆ ಹೋಗಿ, ವಾಪಸ್ಸು ಬಂದು ಇನ್ನೊಮ್ಮೆ ಎಳೆದು ನೋಡುವವರು. ನಾನು ಇವರಿಬ್ಬರಿಗೆ ಒಬ್ಬನೇ ಮಗ, ನಚಿಕೇತ. ಜಯದೇವಪ್ಪನವರ ಕಥೆ ಹೇಳಲು ನನಗೆ ಇರುವ ಯೋಗ್ಯತೆ ಇಷ್ಟೇ: ಆರು ವರ್ಷ ಅವರ ಪಕ್ಕದಲ್ಲಿ ನಿಂತು ಗಿಟಾರ್ ಬಾರಿಸಿದೆ, ಆರು ವರ್ಷವೂ ಅವರ ಮೇಲೆ ಒಂದು ಕಣ್ಣಿಟ್ಟಿದ್ದೆ.

ನಮ್ಮ ಬ್ಯಾಂಡಿನ ಹೆಸರು ‘ಒಂಬತ್ತನೇ ಬ್ಲಾಕ್’. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಕಿಟ್ಟಿಯ ಮನೆಯ ಕಾರ್ ಶೆಡ್ಡಿನಲ್ಲಿ ಶುರುವಾಗಿದ್ದರಿಂದ ಆ ಹೆಸರು, ಬೇರೆ ಗೂಢಾರ್ಥವೇನಿಲ್ಲ. ಕಿಟ್ಟಿ ಡ್ರಮ್ಸ್, ಶಿವಕಿರಣ್ ಕೀಬೋರ್ಡ್, ಸುರಭಿ ಸ್ಯಾಕ್ಸೊಫೋನ್, ನಾನು ಗಿಟಾರ್ ಮತ್ತು ಹಾಡು. ಗಿಟಾರ್ ಹಿಡಿದು ಕೂದಲು ಬಿಟ್ಟವರು ಈ ಊರಿನಲ್ಲಿ ಕ್ರಾಸಿಗೆ ಹತ್ತು ಜನ ಸಿಗುತ್ತಾರೆ. ನಮ್ಮದು ಬೇರೆ ಥರ ಇರಲಿ ಎಂದು ಊದುವ ವಾದ್ಯಗಳನ್ನೇ ಮುಂದಿಟ್ಟು ಹಾಡು ಕಟ್ಟಲು ಹೊರಟೆವು. ಸ್ಯಾಕ್ಸೊಫೋನ್ ಇತ್ತು, ಟ್ರಂಪೆಟ್ ಇರಲಿಲ್ಲ. ಒಂದು ವರ್ಷ ಶಿವಕಿರಣನ ಕೀಬೋರ್ಡಿನಲ್ಲೇ ಟ್ರಂಪೆಟ್ ಸದ್ದು ಹೊರಡಿಸಿಕೊಂಡು ಕಾಲ ಹಾಕಿದೆವು. ಪುಡಿ ಹಾಲಿನಲ್ಲಿ ಕಾಫಿ ಮಾಡಿದ ಹಾಗಿತ್ತು.

ಜಯದೇವಪ್ಪನವರನ್ನು ಪತ್ತೆ ಹಚ್ಚಿದ್ದು ಸುರಭಿ. ಭಾನುವಾರ ಬೆಳಿಗ್ಗೆ ತುರಹಳ್ಳಿ ಗುಡ್ಡಕ್ಕೆ ವಾಕಿಂಗ್ ಹೋದವಳಿಗೆ ಬಂಡೆಗಳ ಆಚೆಯಿಂದ ಟ್ರಂಪೆಟ್ ಕೇಳಿಸಿತಂತೆ. ಹೋಗಿ ನೋಡಿದರೆ ಅರವತ್ತು ದಾಟಿದ ಒಬ್ಬ ಮನುಷ್ಯ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕಿವಿಯ ಮೇಲಿನವರೆಗೆ ಕತ್ತರಿಸಿದ ಕೂದಲು. ಬಂಡೆಯ ಮೇಲೆ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ನೊಟೇಶನ್ ಹಾಳೆ, ಗಾಳಿಗೆ ಹಾರದ ಹಾಗೆ ಅದಕ್ಕೆ ಬಟ್ಟೆ ಒಣಗಿಸುವ ನಾಲ್ಕು ಕ್ಲಿಪ್ಪು. ಕೋಣನಕುಂಟೆಯ ಅವರ ಮನೆಯಲ್ಲಿ ಊದಿದರೆ ಅಕ್ಕಪಕ್ಕದವರು ತಕರಾರು ಮಾಡುತ್ತಾರೆಂದು ಅಷ್ಟು ದೂರ ಬರುತ್ತಿದ್ದರು.

“ಪೊಲೀಸ್ ಕಣೋ,” ಎಂದಳು ಸುರಭಿ, ನಮಗೆ ಸುದ್ದಿ ಕೊಡುತ್ತಾ. “ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆಗಿರೋದು.”

ಕಿಟ್ಟಿ ತಕ್ಷಣ ಎದ್ದು ಶೆಡ್ಡಿನ ಮೂಲೆಯಲ್ಲಿದ್ದ ಬಿಯರ್ ಬಾಟಲಿಗಳನ್ನು ಗೋಣಿಚೀಲಕ್ಕೆ ತುಂಬಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ.

ಆದರೆ ಜಯದೇವಪ್ಪನವರು ಮೂವತ್ತಾರು ವರ್ಷದ ಸರ್ವಿಸ್ಸಿನಲ್ಲಿ ಒಬ್ಬನನ್ನೂ ಹಿಡಿದವರಲ್ಲ. ಕಡೂರು ಕಡೆಯಿಂದ ಕಾನ್‌ಸ್ಟೇಬಲ್ ಸೆಲೆಕ್ಷನ್ನಿಗೆ ಬಂದಿದ್ದ ಇವರನ್ನು ಎದೆ ಅಳೆಯುವಾಗ ಯಾರೋ ಅಧಿಕಾರಿ ಪೊಲೀಸ್ ಬ್ಯಾಂಡಿನ ಸಾಲಿಗೆ ನಿಲ್ಲಿಸಿದರು. ಅಲ್ಲಿಂದ ಮುಂದೆ ಪರೇಡು, ಮೆರವಣಿಗೆ, ಮಂತ್ರಿಗಳ ಸ್ವಾಗತ, ಸತ್ತ ಅಧಿಕಾರಿಗಳ ಅಂತ್ಯಸಂಸ್ಕಾರ, ಎಲ್ಲದಕ್ಕೂ ಊದಿದ್ದೇ ಊದಿದ್ದು. ಕೋಣನಕುಂಟೆಯ ಜನಕ್ಕೆ ಇದು ತಲೆಗೆ ಹೋಗುತ್ತಿರಲಿಲ್ಲ. ಸರ ಕಳ್ಳತನವಾದರೂ, ಬಾಡಿಗೆದಾರ ಮನೆ ಬಿಡದಿದ್ದರೂ ಇವರ ಬಾಗಿಲು ತಟ್ಟುತ್ತಿದ್ದರು. “ನಾನು ಊದೋ ಪೊಲೀಸು ಕಣಮ್ಮ, ಹಿಡಿಯೋ ಪೊಲೀಸಲ್ಲ,” ಎಂದು ಕೈಮುಗಿದು ಕಳಿಸುತ್ತಿದ್ದರು.

ನಮ್ಮ ಜೊತೆ ಬರುತ್ತೀರಾ ಎಂದು ಕೇಳಿದಾಗ ಅವರು ಮೊದಲು ಕೇಳಿದ್ದು, “ನೊಟೇಶನ್ ಕೊಡ್ತೀರಾ?” ಎಂದು.

ನಾವು ಕೇಳಿ ಕೇಳಿ ಕಲಿತವರು. ನೊಟೇಶನ್ ಎಲ್ಲಿಂದ ಬರಬೇಕು?

“ಕಾಗದದಲ್ಲಿ ಇಲ್ಲದ ಒಂದು ಸ್ವರಾನೂ ನಾನು ಸರ್ವಿಸ್ಸಲ್ಲಿ ಊದಿಲ್ಲ,” ಎಂದರು. ಹೆಮ್ಮೆಯಿಂದಲೇ ಹೇಳಿದರು. ಕೊನೆಗೆ ಶಿವಕಿರಣ್ ಬರೆದುಕೊಡುವುದೆಂದು ಒಪ್ಪಂದವಾಯಿತು. ಮಾರನೇ ಶನಿವಾರ ಮೂರು ಗಂಟೆಗೆ ಎಂದರೆ ಎರಡು ಐವತ್ತೈದಕ್ಕೆ ಶೆಡ್ಡಿನ ಮುಂದೆ ಅವರ ಟಿವಿಎಸ್ ಮೊಪೆಡ್ ನಿಂತಿತ್ತು.

ಸುಖಾಸುಮ್ಮನೆ ಒಬ್ಬ ರಿಟೈರ್ಡ್ ಪೊಲೀಸು ನಮ್ಮಂಥವರ ಜೊತೆ ಏಕೆ ಬರುತ್ತಾನೆ ಎಂಬ ಪ್ರಶ್ನೆ ಆ ದಿನವೇ ನನ್ನ ತಲೆಯಲ್ಲಿ ಕೂತಿತು. ಊದಿದ್ದು ಕೇಳಿದ ಮೇಲೆ ಬೇರೆಯವರು ಆ ಪ್ರಶ್ನೆ ಬಿಟ್ಟರು. ಅಂಥ ತುಂಬಿದ, ನೆಟ್ಟಗಿನ ನಾದ. ಸುರಭಿಯ ಸ್ಯಾಕ್ಸೊಫೋನ್ ಅದರ ಪಕ್ಕದಲ್ಲಿ ನಿಂತ ಕೂಡಲೇ ನಮ್ಮ ಹಾಡುಗಳಿಗೆ ಬೆನ್ನುಮೂಳೆ ಬಂತು.

ಅಲ್ಲಿಂದ ನಮ್ಮ ದಾರಿ ತೆರೆಯಿತು. ಬನಶಂಕರಿಯ ಕಾಲೇಜು ಫೆಸ್ಟುಗಳು, ನವೆಂಬರ್ ಬಂದರೆ ಕನಕಪುರ ರಸ್ತೆಯ ಅಪಾರ್ಟ್‌ಮೆಂಟುಗಳ ರಾಜ್ಯೋತ್ಸವ, ಜೆ.ಪಿ. ನಗರದ ಪಬ್ಬುಗಳು. ಮೊದಲ ಸಲ ಪಬ್ಬಿಗೆ ಅವರು ವಿಭೂತಿ, ಕ್ರಾಪು ಸಮೇತ ಒಳಗೆ ಬಂದಾಗ ಬಾಗಿಲಿನ ಬೌನ್ಸರ್ ಎದ್ದು ಸೆಲ್ಯೂಟ್ ಹೊಡೆದ; ಎರಡು ಟೇಬಲ್ಲಿನವರು ಬಿಲ್ ಕೇಳಿದರು. ಅವರು ಮಾತ್ರ ನಿಂಬೆ ಸೋಡಾ ಕುಡಿದು, ಸ್ಟ್ಯಾಂಡಿಗೆ ಹಾಳೆ ಏರಿಸಿ, ಕ್ಲಿಪ್ಪು ಹಾಕಿ, ನಾಲ್ಕು ಹಾಡು ಊದಿ ಮನೆಗೆ ಹೋದರು. ಕೊರೋನಾ ಕಾಲದಲ್ಲಿ ಎಲ್ಲ ನಿಂತಿತು. ಕಿಟ್ಟಿ ಡ್ರಮ್ಸ್ ಮಾರಿಬಿಡುತ್ತೇನೆ ಎಂದ. ಆಗಲೂ ಪ್ರತಿ ಶನಿವಾರ ಮೂರಕ್ಕೆ ಸರಿಯಾಗಿ ಫೋನ್ ಮಾಡಿ, “ಹೊಸ ಹಾಳೆ ಇದೆಯಾ?” ಎಂದು ಕೇಳುತ್ತಿದ್ದವರು ಅವರೊಬ್ಬರೇ. ಯಾರಾದರೂ ಇಷ್ಟು ನಿಯತ್ತಾಗಿದ್ದರೆ ನನಗೆ ಇನ್ನಷ್ಟು ಅನುಮಾನ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಹೋದ ವರ್ಷ ನಾನು ‘ಮೂರನೇ ಮಹಡಿ’ ಎಂಬ ಹಾಡು ಕಟ್ಟಿದೆ. ಹಾಡು ಮುಗಿದ ಮೇಲೆ ಟ್ರಂಪೆಟ್ಟೊಂದೇ ನಾಲ್ಕು ಸುತ್ತು ಏರುತ್ತಾ ಹೋಗಬೇಕು. ಮೂರು ಸುತ್ತು ಬರೆದೆವು. ನಾಲ್ಕನೆಯದು ನನಗೆ ಹೊಳೆಯಲೇ ಇಲ್ಲ.

“ಸಾರ್, ನಾಲ್ಕನೇದು ನಿಮ್ದೇ. ಏನು ಬೇಕಾದ್ರೂ ಊದಿ,” ಎಂದೆ.

“ಏನು ಬೇಕಾದ್ರೂ ಅಂದ್ರೆ?”

“ಕಾಗದ ಇಲ್ಲ. ಬರ್ಕೊಳ್ಳೋದೂ ಬೇಡ. ಆ ಹೊತ್ತಿಗೆ ಏನು ಬರುತ್ತೋ ಅದು.”

ಅವರು ಹಾಳೆಯ ಖಾಲಿ ಜಾಗವನ್ನು ನೋಡಿದರು. ಆ ದಿನ ಮೂರು ಸುತ್ತು ಊದಿ ಟ್ರಂಪೆಟ್ ಕೆಳಗಿಳಿಸಿ, “ಇವತ್ತು ಬೇಡ,” ಎಂದರು. ಮುಂದಿನ ಶನಿವಾರವೂ ಇವತ್ತು ಬೇಡ. ಅದರ ಮುಂದಿನದೂ. ಐದು ತಿಂಗಳು ಹೀಗೇ. ಒಂದು ದಿನ ಟೀ ಕುಡಿಯುವಾಗ ನನ್ನ ಹತ್ತಿರ ಬಂದು ನಿಂತರು.

“ನಚಿಕೇತ್ ಅವ್ರೆ, ಇಷ್ಟು ವರ್ಷ ಊದಿದ್ದೆಲ್ಲ ಬೇರೆಯೋರು ಬರ್ದಿದ್ದು. ಒಂದೇ ಒಂದು ಸಲ ನಂದು ಅಂತ ಊದ್ಬೇಕು. ಆಮೇಲೆ ಟ್ರಂಪೆಟ್ ಕೆಳಗಿಟ್ರೂ ಬೇಜಾರಿಲ್ಲ.”

ಬೇರೆ ಯಾರಾದರೂ ಆಗಿದ್ದರೆ ಅವರ ಆಸೆ ಕೇಳಿ ಕರಗುತ್ತಿದ್ದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಟ್ರಂಪೆಟ್ ಕೆಳಗಿಡುವುದು ಎಂದರೇನು? ಬಿಟ್ಟು ಹೋಗುತ್ತಾರೆಯೇ? ಎಲ್ಲಿಗೆ?

ಅಂದಿನಿಂದ ನೋಡಿದ್ದೆಲ್ಲ ಸಾಕ್ಷಿಯಾಯಿತು. ಕಿಟ್ಟಿಯ ತಾಯಿ ಕಳಿಸುತ್ತಿದ್ದ ಕೋಡುಬಳೆಯನ್ನು ಮೊದಲೆಲ್ಲ ಕಟಕಟ ತಿನ್ನುತ್ತಿದ್ದವರು ಈಗ ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಮ್ಮೆದುರು ತಿನ್ನಲು ಏನು ಸಂಕೋಚ? ಫೋನ್ ಬಂದರೆ ಶೆಡ್ಡಿನ ಹೊರಗೆ ಹೋಗಿ ಮೆಲ್ಲಗೆ ಮಾತಾಡುತ್ತಿದ್ದರು. “ಎರಡನೇದು ಬಾಯಿಗೆ ಬಂತಾ? ಸರಿ, ಗುರುವಾರ ನೋಡೋಣ,” ಎಂದದ್ದು ನಾನೇ ಕೇಳಿಸಿಕೊಂಡೆ. ಕಿಟ್ಟಿ ಇನ್ನೊಂದು ತಂದ.

“ಮಗಾ, ಸುದ್ದಗುಂಟೆಪಾಳ್ಯದಲ್ಲಿ ಗುಂಡಣ್ಣನ ಬ್ಯಾಂಡ್ ಸೆಟ್ ಅಂಗಡಿ ಇದ್ಯಲ್ಲ, ಮದ್ವೆ ಮೆರವಣಿಗೆಗೆ ಹೋಗ್ತಾರಲ್ಲ, ಅಲ್ಲಿ ಕೂತಿದ್ರು ನಮ್ ಸಾರ್. ನನ್ನ ನೋಡಿದ್ರು, ಸೀದಾ ಒಳಗೆ ಹೋದ್ರು.”

“ಯಾವತ್ತು?”

“ಗುರುವಾರ.”

ಮಾರ್ಚ್ ತಿಂಗಳ ಒಂದು ಸಂಜೆ ಬನಶಂಕರಿ ಎರಡನೇ ಹಂತದಲ್ಲಿ ಒಂದು ಛತ್ರದ ಮುಂದೆ ನನ್ನ ಸ್ಕೂಟರ್ ಸಿಕ್ಕಿಹಾಕಿಕೊಂಡಿತು. ವರನ ಮೆರವಣಿಗೆ. ಕೆಂಪು ಕೋಟಿನ ಬ್ಯಾಂಡಿನವರು ಊದುತ್ತಿದ್ದದ್ದು ‘ಮೂರನೇ ಮಹಡಿ’. ಐದೇ ಜನಕ್ಕೆ ಗೊತ್ತಿದ್ದ, ಏಪ್ರಿಲ್ಲಿನಲ್ಲಿ ದೊಡ್ಡ ವೇದಿಕೆಯ ಮೇಲೆ ನಾವು ಮೊದಲ ಸಲ ಹಾಡಬೇಕಿದ್ದ ಹಾಡು, ಒಂದು ಕುದುರೆಯ ಮುಂದೆ, ಪಟಾಕಿ ಹೊಗೆಯಲ್ಲಿ. ಟ್ರಂಪೆಟ್ಟಿನವನು ಮೂವತ್ತೈದರ ಸುಮಾರಿನ ಕಪ್ಪನೆಯ ಆಳು. ಮೂರು ಸುತ್ತನ್ನೂ ಒಂದು ಸ್ವರ ತಪ್ಪದೆ ಊದಿ, ಮತ್ತೆ ಮೊದಲಿಗೆ ಬಂದ. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನನಗೆ ಬಂದ ಕೋಪ ಹೇಳತೀರದು. ಅದರ ಅಡಿಯಲ್ಲಿ, ಸುಳ್ಳೇಕೆ ಹೇಳಲಿ, ಒಂದು ಖುಷಿಯೂ ಇತ್ತು. ಆರು ವರ್ಷದ ನನ್ನ ಅನುಮಾನ ಕೊನೆಗೂ ನಿಜವಾಯಿತಲ್ಲ ಎಂಬ ಖುಷಿ.

ಶನಿವಾರ ಬಂತು. ಎರಡು ಐವತ್ತೈದಕ್ಕೆ ಟಿವಿಎಸ್ ಬಂತು. ಜಯದೇವಪ್ಪನವರು ಒಳಗೆ ಬಂದು, ಎಂದಿನಂತೆ ಟ್ರಂಪೆಟ್ಟನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಸ್ಟ್ಯಾಂಡನ್ನು ಬಿಚ್ಚಲಿಲ್ಲ. ಮಡಿಸಿದ್ದ ಹಾಗೇ ಗೋಡೆಗೆ ಒರಗಿಸಿಟ್ಟು, ಶೆಡ್ಡಿನ ನಡುವೆ ಬರಿಗೈಯಲ್ಲಿ, ಅಂದರೆ ಹಾಳೆ ಇಲ್ಲದೆ, ಬಂದು ನಿಂತರು. ನಾನು ಅದನ್ನು ಗಮನಿಸಿದೆ. ಗಂಟುಮೂಟೆ ಕಟ್ಟಿದ್ದಾರೆ ಎಂದುಕೊಂಡೆ.

“ಇವತ್ತು ‘ಮೂರನೇ ಮಹಡಿ’ ಪೂರ್ತಿ ತಗೊಳೋಣ,” ಎಂದರು.

ಶುರು ಮಾಡಿದೆವು. ಹಾಡು ಮುಗಿದು ಅವರ ಮೊದಲ ಸುತ್ತು, ಎರಡನೆಯದು. ಮೂರನೆಯದು ಬರುವಾಗ ನನಗೆ ಆ ಕುದುರೆ, ಆ ಕೆಂಪು ಕೋಟುಗಳೇ ಕಣ್ಣಿಗೆ ಕಟ್ಟಿದವು. ಅದೇ ತಿರುವು, ಅದೇ ನಿಲುಗಡೆ. ಮೂರನೆಯ ಸುತ್ತಿನ ಕೊನೆಗೆ ಅವರು ಟ್ರಂಪೆಟ್ ಕೆಳಗಿಳಿಸಲಿಲ್ಲ. ಕಣ್ಣು ಮುಚ್ಚಿದರು, ಎದೆ ಉಬ್ಬಿತು.

“ನಿಲ್ಸಿ ಸಾರ್,” ಎಂದು ಕೂಗಿದೆ.

ಕಿಟ್ಟಿಯ ಕೋಲು ನಿಂತಿತು. ಅವರು ಕಣ್ಣು ತೆರೆದರು. ನಾನು ಫೋನ್ ಎತ್ತಿ ರೆಕಾರ್ಡಿಂಗ್ ಹಾಕಿದೆ. ಶೆಡ್ಡಿನ ತುಂಬ ಮದುವೆಯ ಗದ್ದಲ, ಅದರ ನಡುವೆ ನಮ್ಮ ಹಾಡು.

“ಇದು ಹೆಂಗೆ ಹೊರಗೆ ಹೋಯ್ತು?”

“ನಾನೇ ಹೇಳ್ಕೊಟ್ಟೆ,” ಎಂದರು, ಒಂದು ಕ್ಷಣವೂ ಯೋಚಿಸದೆ. “ಮೆರವಣಿಗೇಲಿ ಊದ್ಬೇಡ ಅಂತ ಅವ್ನಿಗೆ ಹೇಳ್ಬೇಕಿತ್ತು. ಅದು ನನ್ ತಪ್ಪು.”

“ಯಾಕೆ ಹೇಳ್ಕೊಟ್ರಿ?”

ಅವರು ಟ್ರಂಪೆಟ್ಟಿನ ತುದಿಯನ್ನು ಅಂಗೈಯಲ್ಲಿ ಒರೆಸಿದರು.

“ಸಾರ್, ಕೇಳ್ತಿದೀನಿ. ನಮ್ ಹಾಡು ಗುಂಡಣ್ಣನ ಅಂಗಡಿಗೆ ಯಾಕೆ ಹೋಯ್ತು?”

“ನಿಮ್ ಮಾತು ಕೇಳಿದೆ. ನನ್ ಮಾತು ಇನ್ನೂ ರೆಡಿ ಇಲ್ಲ. ಸ್ವಲ್ಪ ದಿನ ಕೊಡಿ.”

“ಕಥೆ ರೆಡಿ ಮಾಡ್ಕೊಳೋಕಾ?” ಎಂದೆ. “ಬೇಡ ಸಾರ್. ಇನ್ಮೇಲೆ ಬರ್ಬೇಡಿ.”

ಸುರಭಿ ನನ್ನ ತೋಳು ಹಿಡಿದಳು. ಕಿಟ್ಟಿ ನೆಲ ನೋಡಿದ. ಜಯದೇವಪ್ಪನವರು ಮನೆಯಿಂದ ತಂದಿದ್ದ ಪೇಪರ್ ತುಂಡನ್ನು ನೆಲಕ್ಕೆ ಹಾಸಿ, ಟ್ರಂಪೆಟ್ಟಿನೊಳಗಿನ ಉಸಿರಿನ ನೀರನ್ನು ಅದರ ಮೇಲೆ ಬಸಿದು, ಪೇಪರನ್ನು ಮಡಿಸಿಕೊಂಡರು. ಸ್ಟ್ಯಾಂಡು ತೆಗೆದುಕೊಂಡರು. ಟಿವಿಎಸ್ ಹತ್ತಿ ಹೋದರು.

“ಪೂರ್ತಿ ಊದೋಕಾದ್ರೂ ಬಿಡ್ಬೇಕಿತ್ತು ನಚಿ,” ಎಂದಳು ಸುರಭಿ. ನನಗೆ ಅವಳ ಮೇಲೂ ಅನುಮಾನ ಬಂತು.

ಶಿವಕಿರಣ್ ಮತ್ತೆ ಕೀಬೋರ್ಡಿನ ಟ್ರಂಪೆಟ್ಟಿಗೆ ಕೈ ಹಾಕಿದ. ಕಾರ್ಯಕ್ರಮ ಹತ್ತಿರ ಬಂದ ಹಾಗೆ ಹೊಸ ಭಯ ಹುಟ್ಟಿತು. ಜಯದೇವಪ್ಪನವರು ಹಾಡನ್ನು ತಮ್ಮ ಹೆಸರಿಗೆ ಮಾಡಿಕೊಂಡರೆ? ಶಿವಕಿರಣ್ ಬರೆದ ಹಾಳೆಗಳೆಲ್ಲ ಅವರ ಬಳಿಯೇ ಇದ್ದವು. ಅವನ್ನು ವಾಪಸ್ಸು ತರಲು ಒಂದು ಭಾನುವಾರ ಬೆಳಿಗ್ಗೆ ಕೋಣನಕುಂಟೆಗೆ ಹೋದೆ. ಕ್ಷಮೆ ಕೇಳಲು ಹೋದೆ ಎಂದು ಈಗ ಹೇಳಿಕೊಳ್ಳಬಹುದು, ಆದರೆ ಹೋದದ್ದು ಹಾಳೆಗೇ.

ಬಾಗಿಲು ತೆರೆದದ್ದು ಅವರ ಹೆಂಡತಿ ಕಮಲಾದೇವಿ.

“ನಚಿಕೇತ ಅಲ್ವೇನಪ್ಪ? ಫೋಟೋದಲ್ಲಿ ನೋಡಿದೀನಿ. ಬಾ, ಪೂಜೆಗೆ ಕೂತವ್ರೆ, ಈಗ ಬರ್ತಾರೆ.” ಮಜ್ಜಿಗೆ ತಂದುಕೊಟ್ಟು ಎದುರು ಕೂತರು. “ಇಪ್ಪತ್ತು ದಿನ ಆಯ್ತು, ಬರೀ ಗಂಜಿ. ಮೇಲಿನ ಸಾಲಿಂದು ಆರು ಹಲ್ಲು ಕಿತ್ತವ್ರಲ್ಲ.”

“ಹಲ್ಲು?” ಎಂದೆ.

“ನಿಂಗೆ ಗೊತ್ತಿಲ್ವಾ? ಹೋದ ಆಷಾಢದಿಂದ ಅಲ್ಲಾಡ್ತಿದ್ವು. ವಸಡು ಕೆಟ್ಟಿದೆ, ಕೀಳಿಸ್ಬಿಡಿ ಅಂತ ಡಾಕ್ಟ್ರು ಬಡ್ಕೊಂಡ್ರು. ಕೀಳಿಸಿದ್ರೆ ಊದೋಕಾಗಲ್ಲ, ಕಟ್ಟಿಸಿದ ಹಲ್ಲು ಆ ಒತ್ತಡ ತಡಿಯಲ್ಲ ಅಂತ ಇವ್ರು ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ನೂಕಿದ್ರು. ನೋವಿಗೆ ರಾತ್ರಿಯೆಲ್ಲ ಲವಂಗ ಒತ್ಕೊಂಡು ಕೂತಿರೋರು. ಒಂದು ಹಾಡಿನ ಬಾಲ ಬಾಕಿ ಇದೆ ಅನ್ನೋರು. ಆ ಶನಿವಾರ ನಿಮ್ಮಲ್ಲಿಗೆ ಹೋಗಿ ಬಂದೋರೆ, ಸೋಮವಾರಕ್ಕೆ ಡಾಕ್ಟ್ರಿಗೆ ಹೇಳ್ಬಿಡು, ಇನ್ನು ಯಾತಕ್ಕೆ ಉಳಿಸ್ಕೊಳೋದು ಅಂದ್ರು.”

ಮಜ್ಜಿಗೆಯ ಲೋಟ ನನ್ನ ಕೈಯಲ್ಲೇ ಉಳಿಯಿತು. ಜಯದೇವಪ್ಪನವರು ಒಳಗಿನಿಂದ ಬಂದರು. ಮುಖ ಇಳಿದುಹೋಗಿತ್ತು. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ನನ್ನನ್ನು ನೋಡಿ ಒಂದಿಷ್ಟೂ ಸಿಡುಕಲಿಲ್ಲ.

“ಬಂದಿದ್ದು ಒಳ್ಳೇದಾಯ್ತು. ನಾನೇ ಬರ್ಬೇಕು ಅಂತಿದ್ದೆ,” ಎಂದು ಬೀರುವಿನಿಂದ ಒಂದು ಫೈಲ್ ತೆಗೆದರು.

ಅವರ ಇಲಾಖೆಯಲ್ಲಿ ಒಂದು ಪದ್ಧತಿ. ಯಾರೇ ಬಿಟ್ಟು ಹೋಗುವುದಿದ್ದರೂ ತನ್ನ ಚಾರ್ಜನ್ನು ಬರುವವನಿಗೆ ಪಟ್ಟಿ ಮಾಡಿ ಒಪ್ಪಿಸಬೇಕು, ಮೇಲಿನವರ ಎದುರು ಸಹಿ ಆಗಬೇಕು. ಆಗಲೇ ಬಿಡುಗಡೆ. ಫೈಲಿನಲ್ಲಿದ್ದದ್ದು ಆ ಪಟ್ಟಿ. ತಲೆಬರಹ, ‘ಒಂಬತ್ತನೇ ಬ್ಲಾಕ್, ಟ್ರಂಪೆಟ್ ಚಾರ್ಜ್ ಪಟ್ಟಿ’. ಕೊಡುವವರು ಜಯದೇವಪ್ಪ. ತೆಗೆದುಕೊಳ್ಳುವವರು ಬಸವಂತ, ಗುಂಡಣ್ಣನ ಬ್ಯಾಂಡ್ ಸೆಟ್, ಸುದ್ದಗುಂಟೆಪಾಳ್ಯ. ಕೆಳಗೆ ನಮ್ಮ ಹದಿನಾಲ್ಕು ಹಾಡುಗಳು, ಪ್ರತಿಯೊಂದರ ಮುಂದೆ ಬಸವಂತ ಕಲಿತ ತಾರೀಖು. ಶಿವಕಿರಣನ ಹಾಳೆಗಳೆಲ್ಲ ಹಿಂದೆ ಕ್ರಮವಾಗಿ ಪಂಚ್ ಮಾಡಿ ಸೇರಿಸಿದ್ದವು.

“ಬಸವಂತ ಒಳ್ಳೆ ಊದುಗಾರ. ಹಾಳೆ ಓದೋದು ಬರ್ತಿರ್ಲಿಲ್ಲ, ಅದ್ಕೆ ಒಂಬತ್ತು ತಿಂಗಳು ಹಿಡೀತು,” ಎಂದರು. “ಕಾರ್ಯಕ್ರಮ ನಿಮ್ಗೆ ಕೆಡಬಾರ್ದಲ್ಲ.”

“ಮೊದ್ಲೇ ಹೇಳ್ಬಹುದಿತ್ತಲ್ಲ ಸಾರ್.”

“ಮೊದ್ಲೇ ಹೇಳಿದ್ರೆ ಅನ್‌ಫಿಟ್ ಅಂತ ಆವತ್ತೇ ಇಳಿಸ್ತಾರೆ. ನಮ್ಮಲ್ಲಿ ಹಂಗೇನೆ. ಅದ್ಕೆ ಯಾರೂ ಹೇಳಲ್ಲ.”

ನಮ್ಮಲ್ಲಿ ಹಾಗಲ್ಲ ಸಾರ್ ಎನ್ನಬೇಕೆನಿಸಿತು. ಹಾಗೆನ್ನುವ ಮುಖ ನನಗೆಲ್ಲಿತ್ತು?

ಹದಿನಾಲ್ಕನೆಯ ಸಾಲಿನಲ್ಲಿ ‘ಮೂರನೇ ಮಹಡಿ, ಮೂರು ಸುತ್ತು ಮಾತ್ರ’ ಎಂದಿತ್ತು. ತಾರೀಖಿನ ಪಕ್ಕದಲ್ಲಿ ನಾಲ್ಕನೆಯ ಸುತ್ತಿನ ಅಂಕಣ ಖಾಲಿ. ಅವರು ಪೆನ್ನು ಕೊಟ್ಟರು. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು ಮೊದಲೇ ಬರೆದಿತ್ತು. ಸಹಿ ಹಾಕಿದೆ. ಕಣ್ಣು ಮಂಜಾಗಿ ಸಹಿ ವಕ್ರವಾಯಿತು. ಅವರು ಅದಕ್ಕೆ ಊದಿ ಒಣಗಿಸಲು ಹೋದರು. ತುಟಿಯ ನಡುವಿನಿಂದ ಗಾಳಿ ಚೆದುರಿಹೋಯಿತು. ನಾಚಿಕೊಂಡು ಬೆರಳಲ್ಲಿ ಒರೆಸಿದರು.

“ಸಾರ್, ನಾಲ್ಕನೇ ಸುತ್ತು?” ಎಂದೆ. “ಎಲ್ಲಾದ್ರೂ ಬರ್ದಿದೀರಾ?”

“ಬರಿಬೇಡಿ ಅಂತ ನೀವೇ ಹೇಳಿದ್ರಲ್ಲ.”

“ಆವತ್ತು ಏನು ಊದೋಣ ಅಂತಿದ್ರಿ? ಹಾಡಿ ತೋರ್ಸಿ ಸಾರ್, ಹೆಂಗಾದ್ರೂ ಸರಿ.”

ಅವರು ಬಾಯಿಗೆ ಅಡ್ಡ ಹಿಡಿದಿದ್ದ ಕೈ ತೆಗೆದರು.

“ಗೊತ್ತಿಲ್ಲ ನಚಿಕೇತ್ ಅವ್ರೆ. ಉಸಿರು ತಗೊಂಡಿದ್ದೆ, ಅಷ್ಟೆ.”

ಬಸವಂತ ಈಗ ನಮ್ಮ ಜೊತೆ ಇದ್ದಾನೆ. ಜಯದೇವಪ್ಪನವರೇ ಎರಡು ಸಲ ಹೋಗಿ ಕೇಳಿಕೊಂಡ ಮೇಲೆ ಬಂದ. ನನ್ನನ್ನು ಅವನು ನಂಬುವುದಿಲ್ಲ, ನಾನು ಶೆಡ್ಡಿನಲ್ಲಿ ಫೋನ್ ಕೈಗೆತ್ತಿಕೊಂಡರೆ ಊದುವುದು ನಿಲ್ಲಿಸಿ, “ಏನ್ ಸಾರ್, ರೆಕಾರ್ಡಿಂಗಾ?” ಎಂದು ಕೇಳುತ್ತಾನೆ. ಕೇಳಲಿ. ‘ಮೂರನೇ ಮಹಡಿ’ ನಮ್ಮ ಹಾಡುಗಳಲ್ಲೆಲ್ಲ ಹೆಚ್ಚು ಓಡಿದ ಹಾಡು. ಕೊನೆಯಲ್ಲಿ ಟ್ರಂಪೆಟ್ ಏಕೆ ಹಾಗೆ ಥಟ್ಟನೆ ನಿಲ್ಲುತ್ತದೆ ಎಂದು ಜನ ಕೇಳುತ್ತಾರೆ, ಅದೇ ಸ್ಟೈಲು ಎಂದು ಕಿಟ್ಟಿ ಹೇಳುತ್ತಾನೆ. ಬಸವಂತ ಮೂರು ಸುತ್ತು ಊದಿ ಟ್ರಂಪೆಟ್ ಕೆಳಗಿಳಿಸುತ್ತಾನೆ. ಅಲ್ಲಿಂದ ಮುಂದೆ ಏನಿತ್ತೆಂದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.